ಪದಚರ್ಚೆ: ಎಫ್-13ರ ಎಫ್ ಫೈಟರ್ ಅಲ್ಲ. ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಎರಡನೇ ಮಹಾಯುದ್ಧದ ಬಗ್ಗೆ ಒಂದು ಬರಹ ಅನುವಾದಿಸುತ್ತಿದ್ದೇನೆ. 1944ರ ನವೆಂಬರ್ 1ರಂದು ಸೈಪಾನ್ ದ್ವೀಪದಿಂದ ಹೊರಟ ಅಮೆರಿಕದ ಎಫ್-13 ವಿಮಾನ ಟೋಕಿಯೊದ ಫೋಟೊ ತೆಗೆದುಕೊಂಡು ಬಂತು ಅಂತ ಅದರಲ್ಲಿತ್ತು. ನಾನು ಹಿಂದುಮುಂದು ನೋಡದೆ ‘ಎಫ್-13 ಫೈಟರ್’ ಅಂತ ಬರೆದುಬಿಟ್ಟೆ. ಆಮೇಲೆ ನಕ್ಷೆ ನೋಡಿದಾಗ ಅನುಮಾನ ಬಂತು. ಸೈಪಾನ್‌ನಿಂದ ಟೋಕಿಯೊಗೆ ಹೆಚ್ಚುಕಡಿಮೆ 2,400 ಕಿಲೋಮೀಟರ್. ಅಷ್ಟು ದೂರ ಹೋಗಿ ವಾಪಸ್ ಬರುವ ಫೈಟರ್ ಆಗ ಎಲ್ಲಿತ್ತು?

ಹುಡುಕಿದರೆ ಅದು ಬಿ-29 ಬಾಂಬರ್! ಕ್ಯಾಮೆರಾ ಕೂರಿಸಿ ಹೆಸರು ಬದಲಿಸಿದ್ದರು. ಇಲ್ಲಿ ಎಫ್ ಅಂದರೆ ಫೋಟೊ. ಇಂಗ್ಲಿಷಿನಲ್ಲಿ ಫೋಟೊ ಶುರುವಾಗೋದು ಪಿ ಅಕ್ಷರದಿಂದ ಅಲ್ವಾ ಅಂತೀರಿ. ಆದರೆ ಅಮೆರಿಕದ ಭೂಸೇನೆಯ ವಾಯುಪಡೆಯಲ್ಲಿ ಪಿ ಆಗಲೇ ‘ಪರ್ಸ್ಯೂಟ್’, ಅಂದರೆ ಬೆನ್ನಟ್ಟುವ ವಿಮಾನಗಳ (ಫೈಟರ್‌ಗಳ) ಪಾಲಾಗಿತ್ತು. ಹೀಗೆ ಪಿ-38ರ ಮೂತಿಯಿಂದ ಬಂದೂಕು ತೆಗೆದು ಕ್ಯಾಮೆರಾ ಇಟ್ಟಾಗ ಅದು ಎಫ್-4, ಎಫ್-5 ಆಯಿತು. ಪಿ-51 ಎಫ್-6 ಆಯಿತು, ಬಿ-24 ಎಫ್-7, ಬಿ-17 ಎಫ್-9.

ನೌಕಾಪಡೆಯದು ಇನ್ನೊಂದು ಲೆಕ್ಕ. ಅವರ ಎಫ್6ಎಫ್-5ಪಿ ನೋಡಿ: ಮೊದಲ ಎಫ್ ಫೈಟರ್, ಎರಡನೆಯದು ಗ್ರುಮನ್ ಕಂಪನಿಯ ಗುರುತು, ಕೊನೆಯ ಪಿ ಫೋಟೊ. ತಲೆ ಕೆಡಲ್ವಾ?

1948ರಲ್ಲಿ ವಾಯುಪಡೆಯಲ್ಲಿ ಎಲ್ಲ ಮತ್ತೆ ಕಲಸಿಹೋಯಿತು. ಎಫ್ ಫೈಟರ್‌ಗೆ ಹೋಯಿತು, ಫೋಟೊ ವಿಮಾನದ ಹೆಸರಿನ ಮುಂದೆ ಆರ್ (ರೆಕನಸೆನ್ಸ್, ಅಂದರೆ ಹೋಗಿ ನೋಡಿ ಬರುವ ಕೆಲಸ) ಸೇರಿತು. ಎಫ್-6 ಆರ್‌ಎಫ್-51 ಆಯಿತು, ಎಫ್-13 ಆರ್‌ಬಿ-29. ಆಮೇಲೆ ಬಂದ ಫ್ಯಾಂಟಮ್ ಫೈಟರ್ ಜೆಟ್ಟಿಗೂ ಎಫ್-4 ಅಂತಲೇ ಹೆಸರು. ಹಾಗಾಗಿ ಅಕ್ಷರ ಬಿಡಿಸುವ ಮೊದಲು ಇಸವಿ ನೋಡಲೇಬೇಕು. ನಾನಂತೂ ಆ ಕಾಲದ ಹೆಸರನ್ನೇ ಇಟ್ಟು, ಮೊದಲ ಸಲ ಬಂದಾಗ ‘ಬಿ-29 ಬಾಂಬರನ್ನೇ ಮಾರ್ಪಡಿಸಿದ್ದು’ ಅಂತ ಸೇರಿಸಿದ್ದೇನೆ.

ಈಗ ನನ್ನ ಪ್ರಶ್ನೆ. ಶತ್ರುವಿನ ಜಾಗದ ಫೋಟೊ ತೆಗೆದು ತರುವ ಈ ಬಗೆಯ ವಿಮಾನಕ್ಕೆ ಕನ್ನಡದಲ್ಲಿ ಯಾವ ಪದ? ‘ವಿಚಕ್ಷಣ ವಿಮಾನ’ ಅಂತ ಬರೆಯುವವರಿದ್ದಾರೆ. ಆದರೆ ನಿಘಂಟು ತೆಗೆದರೆ ವಿಚಕ್ಷಣ ಅಂದರೆ ಜಾಣ, ವಿವೇಕಿ. ಜಾಣ ವಿಮಾನ ಅಂದಹಾಗಾಯಿತು! ‘ಕಣ್ಗಾವಲು’ ಚೆಂದದ ಪದ, ಆದರೆ ಕಾವಲು ಅಂದಾಗ ಒಂದೇ ಕಡೆ ನಿಂತು ಕಾಯುವ ಭಾವ. ಇದು ಹೋಗಿ, ನೋಡಿ, ವಾಪಸ್ ಬರುವ ಕೆಲಸ. ‘ಬೇಹು’ ಹಳೆಯ ಪದ, ಗಿಡ್ಡ ಪದ, ನನಗೆ ಇಷ್ಟ. ಆದರೆ ‘ಬೇಹುಗಾರಿಕೆ’ ಅಂದ ಕೂಡಲೇ ವೇಷ ಮರೆಸಿಕೊಂಡವರ ನೆನಪು ಜಾಸ್ತಿ ಬರುತ್ತೆ. ಈ ವಿಮಾನಗಳ ಮೇಲೆ ಸೇನೆಯ ಗುರುತು ಎದ್ದು ಕಾಣುತ್ತಿತ್ತು. ‘ನಿರಾಯುಧ ಫೋಟೊ ವಿಮಾನ’ ಅನ್ನೋಣ ಅಂದರೆ ಅದೂ ಆಗಲ್ಲ, ಎಫ್-6ರಲ್ಲಿ ಬಂದೂಕು ಹಾಗೇ ಇದ್ದವು.

ಸದ್ಯಕ್ಕೆ ‘ಫೋಟೊ ಬೇಹು ವಿಮಾನ’ ಅಂತ ಬರೆದಿದ್ದೇನೆ. ‘ಬೇಹು’ ಒಂದೇ ಇದ್ದರೆ ಗೂಢಚಾರನ ವಾಸನೆ ಕಮ್ಮಿ ಆಗುತ್ತಾ? ಅಥವಾ ನಿಮ್ಮ ಕಡೆ ಇದಕ್ಕಿಂತ ಒಳ್ಳೆ ಮಾತು ಬಳಕೆಯಲ್ಲಿದೆಯಾ?