ನನ್ನ 69 ಎಸ್ ಪೆನ್ನಿ: ಡಬಲ್ಡ್ ಡೈನಾ, ಬರೀ ಸ್ಟ್ರೈಕ್ ಡಬ್ಲಿಂಗಾ?

ಡಲ್ಲಾಸ್ ಹೊಸಬ: ಬ್ಯಾಂಕಿನಿಂದ ತಂದ ರೋಲಿನಲ್ಲಿ 1969ರ ಎಸ್ ಪೆನ್ನಿ (ಎಸ್ ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ ಗುರುತು) ಸಿಕ್ಕಿದೆ. ಲೂಪ್ (ಭೂತಗನ್ನಡಿ) ಹಿಡಿದರೆ ಇಸವಿ ಎರಡೆರಡು ಕಾಣುತ್ತದೆ. ಅಚ್ಚಿನಲ್ಲೇ (ಡೈ) ಎರಡಾಗಿ ಮೂಡಿದ, ಬೆಲೆಬಾಳುವ ಡಬಲ್ಡ್ ಡೈನಾ, ನಾಣ್ಯ ಹೊಡೆಯುವಾಗ ಅಚ್ಚು ಅಲುಗಾಡಿ ಆದ ಸ್ಟ್ರೈಕ್ ಡಬ್ಲಿಂಗಾ ಗೊತ್ತಿಲ್ಲ. ಗ್ರೇಡಿಂಗಿಗೆ (ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಕಂಪನಿಗೆ) ಕಳಿಸಲಾ? ಅನುಭವ ಇದ್ದವರು ಹೇಳಿ.

ಸುಟ್ಟುಕೊಂಡವ: ನಾನು ಕಳಿಸಿ ಕೈ ಸುಟ್ಟುಕೊಂಡಿದ್ದೇನೆ. ನನ್ನದೂ 69 ಎಸ್. ಸದಸ್ಯತ್ವ 60 ಡಾಲರ್, ಗ್ರೇಡಿಂಗ್ 40, ಡಬಲ್ಡ್ ಡೈ ಅಂತ ವೆರೈಟಿ ಹೆಸರು ಬರೆಸಲು 18, ಇನ್ಶೂರೆನ್ಸ್ ಸಮೇತ ಅಂಚೆ ಹೋಗಿ ಬರಲು 46. ಒಟ್ಟು 164. ಹನ್ನೊಂದು ವಾರ ಕಾದೆ. ಶುರುವಿನಲ್ಲಿ ಸಿಕ್ಕ ಕೆಲವು 69 ಎಸ್ ಡಬಲ್ಡ್ ಡೈಗಳನ್ನು ಸೀಕ್ರೆಟ್ ಸರ್ವೀಸ್‌ನವರು (ಖೋಟಾ ಹಣ ಹಿಡಿಯುವ ಸರ್ಕಾರಿ ಇಲಾಖೆ) ಖೋಟಾ ಅಂದುಕೊಂಡು ಕಿತ್ತುಕೊಂಡಿದ್ದರಲ್ಲ, ಹಾಗೆ ನನ್ನ ಬಾಗಿಲೂ ತಟ್ಟುತ್ತಾರೆ ಅಂತ ಕನಸು ಬೇರೆ. ವಾಪಸ್ ಬಂದದ್ದು ಒಂದು ಸೆಂಟಿನ ಪೆನ್ನಿ. ಎಸ್ ಅಕ್ಷರವೂ ಎರಡಾಗಿತ್ತು, ಅದನ್ನು ನೋಡಿಯೇ ನಾನು ಕುಣಿದಿದ್ದೆ. ಆಗೆಲ್ಲ ಎಸ್ ಅನ್ನು ಡೈಗೆ ಆಮೇಲೆ ಬೇರೆಯಾಗಿ ಕೈಯಲ್ಲಿ ಹೊಡೆಯುತ್ತಿದ್ದರು. ಹಬ್ (ಡೈ ಮೇಲೆ ಚಿತ್ರ ಮೂಡಿಸುವ ಮೂಲ ಅಚ್ಚು) ಒತ್ತುವಾಗ ಆದ ಎಡವಟ್ಟು ಅದಕ್ಕೆ ಹೇಗೆ ತಾಗುತ್ತದೆ? ಎಸ್ ಕೂಡ ಜಾರಿದ್ದರೆ ಡೈ ಅಲುಗಾಡಿದೆ, ಅಷ್ಟೆ.

ತಾಮ್ರದ ಚೊಂಬು: ಎಲ್ಲರಿಗೂ ಎಸ್ ನೋಡಿ ಅನ್ನಬೇಡಿ. ನನ್ನದು 1972, ಫಿಲಡೆಲ್ಫಿಯಾ ಟಂಕಸಾಲೆಯದು. ಎಸ್ಸೂ ಇಲ್ಲ, ಡಿಯೂ ಇಲ್ಲ. ಏನು ನೋಡಲಿ? ನಾನು ನೋಡಿದ್ದು ಅಕ್ಷರಗಳ ಮೂಲೆ. ಲಿಬರ್ಟಿ ಅನ್ನೋ ಪದದ ತುದಿಗಳು ಕವಲೊಡೆದಿದ್ದವು, ಎರಡನೆಯದೂ ಮೊದಲನೆಯದರಂತೆ ದುಂಡಗೆ ಉಬ್ಬಿತ್ತು. ಸ್ಟ್ರೈಕ್ ಡಬ್ಲಿಂಗ್ ಆದರೆ ಚಪ್ಪಟೆ ಮೆಟ್ಟಿಲಿನ ಥರ, ಅಕ್ಷರವೇ ಸಣ್ಣಗಾಗಿರುತ್ತದೆ. ನೂರು ರೋಲ್, ಅಂದರೆ 5,000 ಪೆನ್ನಿ ತಡಕಿದ ಮೇಲೆ ಸಿಕ್ಕಿದ್ದು. ಊರಿಂದ ಬಂದ ಅಮ್ಮ ದೀಪಾವಳಿಗೆ ದೀಪದ ಕಂಬದ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿಟ್ಟರು. ಡೀಲರ್ ಲೂಪನ್ನೂ ಎತ್ತಲಿಲ್ಲ. ‘ತೊಳೆದಿದ್ದೀರಿ’ ಅಂದ.

ಎಡಿಸನ್ ಅಜ್ಜ: 1955ರ ಡಬಲ್ಡ್ ಡೈ ಮುಂದೆ 72 ಎಲ್ಲ ಮರಿ. ಆಗ 23 ಸೆಂಟಿನ ಸಿಗರೇಟ್ ಪ್ಯಾಕಿಗೆ 2 ಪೆನ್ನಿ ಚಿಲ್ಲರೆ ಸೇರಿಸಿ ಮೆಷಿನ್‌ನಲ್ಲಿ ಮಾರುತ್ತಿದ್ದರು. ಎಷ್ಟೋ ಅಸಲಿ ಹಾಗೇ ಹೊರಬಿದ್ದವು. ನಾನು ಪ್ರದರ್ಶನದಲ್ಲಿ 85 ಡಾಲರ್ ಕೊಟ್ಟು ತಂದದ್ದು ಮಾತ್ರ ‘ಬಡವರ ಡಬಲ್ಡ್ ಡೈ’. ಕೊನೆಯ 5ರ ಪಕ್ಕ ಒಂದು ನೆರಳು. ಸವೆದ ಡೈಯ ಕೆಲಸ. ಮಾರಿದವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಸುಟ್ಟುಕೊಂಡವ: ಅಜ್ಜಾ, ಅವರು ಕೇಳಿದ್ದು 69.

ಎಡಿಸನ್ ಅಜ್ಜ: ನೀವು ಹೇಳಿದ್ದೂ ನಿಮ್ಮ ಅಂಚೆ ಲೆಕ್ಕ ತಾನೇ? ನಿಮ್ಮ ಎಸ್ ಸೂತ್ರ 1990ರಿಂದೀಚೆಗಿನ ಪೆನ್ನಿಗೆ ನಡೆಯಲ್ಲ. ಅವುಗಳಲ್ಲಿ ಮಿಂಟ್ ಮಾರ್ಕ್ (ಎಸ್, ಡಿ ಥರದ ಟಂಕಸಾಲೆ ಅಕ್ಷರ) ಹಬ್‌ನಲ್ಲೇ ಬಂದಿರುತ್ತದೆ. ಅರ್ಧ ಪಾಠ ಹೇಳಿ ಹುಡುಗನ ದಾರಿ ತಪ್ಪಿಸಬೇಡಿ.

ಸುಟ್ಟುಕೊಂಡವ: ಹುಡುಗನ ಕೈಲಿರೋದು 69! ನೆರಳಿಗೆ 85 ಕೊಟ್ಟವರಿಂದ ನನಗೆ ಪಾಠ ಬೇಡ.

ತಾಮ್ರದ ಚೊಂಬು: ಇಬ್ಬರೂ ಸುಮ್ನಿರಿ. ಹುಣಸೆಹಣ್ಣಿನಲ್ಲಿ ತೊಳೆದ ಪೆನ್ನಿಗೆ ಮತ್ತೆ ಕಂದು ಬಣ್ಣ ಬರಿಸಬಹುದಾ?

ಎಡಿಸನ್ ಅಜ್ಜ: ಬಣ್ಣ ಬರಿಸಿ ಮಾರಿದರೆ ಮೋಸ.

ತಾಮ್ರದ ಚೊಂಬು: ಮಾರುತ್ತೇನೆ ಅಂತ ಯಾರು ಹೇಳಿದರು? ಅಮ್ಮ ಮುಂದಿನ ತಿಂಗಳು ಮತ್ತೆ ಬರುತ್ತಾರೆ. ಹಾಳಾಗಿದ್ದು ಅವರಿಗೆ ಗೊತ್ತಾಗಬಾರದು.

ಡಲ್ಲಾಸ್ ಹೊಸಬ: ಸಾರ್, ಎಸ್ ಫೋಟೊ ಹಾಕಿದ್ದೇನೆ. ಒಂದಾ ಎರಡಾ, ಯಾರಾದರೂ ನೋಡ್ತೀರಾ?

ಎಡಿಸನ್ ಅಜ್ಜ: ಲೂಪ್ ಯಾವುದು? ಎಷ್ಟು ಕೊಟ್ಟಿರಿ?