ಓದುಗರ ಸ್ಪಂದನ: ಅವನಿಗೆ ತಲೆ, ಇವಳಿಗೆ ಶ್ರದ್ಧೆ?

ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ಹುಡುಗಿಯ ತಾಯಿಯೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಮಸ್ಯೆಯನ್ನು ಹೇಳಿಕೊಂಡಿದ್ದರು. ಗಣಿತದಲ್ಲಿ ಮಗಳೇ ತರಗತಿಗೆ ಮೊದಲಿಗಳಾಗಿದ್ದರೂ ಪೋಷಕರ ಸಭೆಯಲ್ಲಿ ಶಿಕ್ಷಕರು ‘ಶ್ರದ್ಧೆಯ ಹುಡುಗಿ, ಚೆನ್ನಾಗಿ ಉರು ಹೊಡೆಯುತ್ತಾಳೆ’ ಎಂದರು. ಅವಳಿಗಿಂತ ಕಡಿಮೆ ಅಂಕ ಪಡೆದ ಹುಡುಗನ ಬಗ್ಗೆ ‘ತಲೆ ಚುರುಕು, ಸೋಮಾರಿತನ ಬಿಟ್ಟರೆ ಸಾಕು’ ಎಂದರು. ಈಗ ಮಗಳು ‘ನನಗೆ ಗಣಿತದ ತಲೆ ಇಲ್ಲ, ಪಿಯುಸಿಗೆ ವಿಜ್ಞಾನ ಬೇಡ’ ಎನ್ನುತ್ತಿದ್ದಾಳೆ. ‘ನನಗೂ ಲೆಕ್ಕವೆಂದರೆ ಭಯವಿತ್ತು, ಏನು ಹೇಳಲಿ?’ ಎಂದು ತಾಯಿ ಕೇಳಿದ್ದರು. ಬಂದ ಪತ್ರಗಳಲ್ಲಿ ನಾಲ್ಕು ಇಲ್ಲಿವೆ.

ನಿವೃತ್ತ ಗಣಿತ ಶಿಕ್ಷಕಿ, ಹಾಸನ

ಆ ಶಿಕ್ಷಕರಿಗೆ ಕೆಟ್ಟ ಉದ್ದೇಶವಿತ್ತೆಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಅದೇ ಮಾತುಗಳನ್ನು ನಾನೂ ಬಹಳ ವರ್ಷ ಆಡಿದ್ದೇನೆ. ಹುಡುಗಿಯರ ನೋಟ್‌ಬುಕ್ಕು ಅಚ್ಚುಕಟ್ಟಾಗಿರುತ್ತಿತ್ತು, ಆ ಅಚ್ಚುಕಟ್ಟುತನವೇ ನನ್ನ ಕಣ್ಣಿಗೆ ಬೀಳುತ್ತಿತ್ತು. ಅದರೊಳಗಿನ ಯೋಚನೆಯನ್ನು ನಾನು ನಿಧಾನವಾಗಿ ಓದುತ್ತಿರಲಿಲ್ಲ. ಒಮ್ಮೆ ಸಹೋದ್ಯೋಗಿಯೊಬ್ಬರ ಸಲಹೆಯಂತೆ ಒಂದು ವಾರ ಕಾಲ ಕಪ್ಪುಹಲಗೆಯ ಬಳಿಗೆ ಯಾರನ್ನು ಯಾವ ಲೆಕ್ಕಕ್ಕೆ ಕರೆದೆ ಎಂದು ಬರೆದಿಟ್ಟುಕೊಂಡೆ. ಸೂತ್ರ ಬರೆಯಲು, ಚಿತ್ರ ಎಳೆಯಲು, ಮನೆಗೆಲಸದ ಲೆಕ್ಕವನ್ನು ಮತ್ತೆ ಮಾಡಿ ತೋರಿಸಲು ಹುಡುಗಿಯರನ್ನು ಕರೆದಿದ್ದೆ. ಯಾರೂ ಹಿಂದೆ ಕಂಡಿರದ ಲೆಕ್ಕವನ್ನು ಬಿಡಿಸಲು ಬಹುಪಾಲು ಹುಡುಗರನ್ನೇ ಕರೆದಿದ್ದೆ. ಆ ಪಟ್ಟಿಯನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತರಗತಿಯ ಮುಂದೆ ಕಷ್ಟದ ಲೆಕ್ಕಕ್ಕೆ ಕೈಹಾಕಿ, ತಡವರಿಸಿ, ತಪ್ಪಿ, ಕೊನೆಗೆ ದಾರಿ ಕಂಡುಕೊಳ್ಳುವ ಅವಕಾಶವೇ ಸಿಗದ ಮಗುವಿಗೆ ತನಗೆ ತಲೆ ಇದೆಯೆಂದು ತಿಳಿಯುವುದಾದರೂ ಹೇಗೆ?

ಆದ್ದರಿಂದ ಮಗಳಿಗೆ ‘ನೀನು ಜಾಣೆ’ ಎಂದು ಹೇಳಿ ಸಮಾಧಾನಪಡಿಸುವ ಬದಲು, ಉರು ಹೊಡೆದು ಬಿಡಿಸಲು ಸಾಧ್ಯವೇ ಇಲ್ಲದ ಒಂದು ಲೆಕ್ಕವನ್ನು ಅವಳ ಕೈಗೆ ಕೊಡಿ. 3, 5, 7 ಎಂಬುವು ಒಂದರ ಹಿಂದೆ ಒಂದು ಬರುವ ಬೆಸ ಸಂಖ್ಯೆಗಳು, ಮೂರೂ ಅವಿಭಾಜ್ಯ. ಇಂಥ ಮೂರು ಸಂಖ್ಯೆಗಳ ಗುಂಪು ಇನ್ನೊಂದು ಇದೆಯೇ ಎಂದು ಕೇಳಿ. ಅವಳು 11, 13, 15 ಎಂದು ಬರೆದು ನೋಡುತ್ತಾಳೆ, ಬಳಿಕ 17, 19, 21, ಆಮೇಲೆ 29, 31, 33. ಪ್ರತಿ ಬಾರಿಯೂ ಒಂದು ಸಂಖ್ಯೆ ಕೈಕೊಡುತ್ತದೆ, ಕೈಕೊಡುವ ಸಂಖ್ಯೆ ಯಾವಾಗಲೂ ಮೂರರ ಮಗ್ಗಿಯಲ್ಲಿಯೇ ಇರುತ್ತದೆ ಎಂಬುದು ಸ್ವಲ್ಪ ಹೊತ್ತಿನಲ್ಲಿ ಅವಳಿಗೇ ಹೊಳೆಯುತ್ತದೆ. ಅದು ಏಕೆ ಹಾಗೆ ಎಂಬ ಪ್ರಶ್ನೆಗೆ ಮೂರರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ನೋಡಿದರೆ ಸಾಕು, ಒಂಬತ್ತನೇ ತರಗತಿಗಿಂತ ಹೆಚ್ಚಿನ ಗಣಿತ ಬೇಕಿಲ್ಲ. ಒಂದು ದಿನ ಹಿಡಿಯಲಿ, ಒಂದು ವಾರವೇ ಹಿಡಿಯಲಿ, ದಯವಿಟ್ಟು ಉತ್ತರ ಹೇಳಿಕೊಡಬೇಡಿ. ಅವಳು ಬರೆದ ಹಾಳೆಯನ್ನು ಶಿಕ್ಷಕರ ಬಳಿ ಒಯ್ದು, ಇದರಲ್ಲಿ ಉರು ಎಲ್ಲಿದೆಯೆಂದು ವಿನಯದಿಂದಲೇ ಕೇಳಿ. ನನ್ನನ್ನು ಯಾರಾದರೂ ಹಾಗೆ ಕೇಳಿದ್ದರೆ ನಾನು ಇನ್ನೂ ಬೇಗ ತಿದ್ದಿಕೊಳ್ಳುತ್ತಿದ್ದೆ.

ಶಿಕ್ಷಕರ ತರಬೇತಿಯಲ್ಲಿ ತೊಡಗಿರುವವರು, ಧಾರವಾಡ

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ ‘ಬಾಲಕಿಯರೇ ಮೇಲುಗೈ’ ಎಂಬ ತಲೆಬರಹವನ್ನು ನಾವು ಓದುತ್ತೇವೆ. ಇಷ್ಟು ಅಂಕ ಬಂದ ಮೇಲೂ ಹುಡುಗಿಯರಿಗೆ ತಮ್ಮ ಬುದ್ಧಿಯ ಮೇಲೆ ನಂಬಿಕೆ ಏಕೆ ಬರುವುದಿಲ್ಲ ಎಂಬುದೇ ನಿಮ್ಮ ಮಗಳ ಮಾತಿನೊಳಗಿರುವ ಪ್ರಶ್ನೆ. ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ತೀರಾ ಹತ್ತಿರವಾದುದು. ಐದು ವರ್ಷದ ಮಕ್ಕಳಲ್ಲಿ ‘ತುಂಬಾ ತುಂಬಾ ಬುದ್ಧಿವಂತರು’ ತಮ್ಮಂಥವರೇ ಎಂಬ ನಂಬಿಕೆ ಹುಡುಗ ಹುಡುಗಿಯರಿಬ್ಬರಲ್ಲೂ ಸಮವಾಗಿತ್ತು; ಆರು, ಏಳರ ಹೊತ್ತಿಗೆ ಹುಡುಗಿಯರಲ್ಲಿ ಅದು ಕುಗ್ಗಿತು, ತುಂಬಾ ಬುದ್ಧಿವಂತರಿಗಾಗಿ ಇರುವ ಆಟ ಎಂದು ಹೇಳಿದೊಡನೆ ಆ ಆಟದಲ್ಲಿ ಅವರ ಆಸಕ್ತಿಯೂ ಇಳಿಯಿತು. ಆದರೆ ಶಾಲೆಯಲ್ಲಿ ಹೆಚ್ಚು ಅಂಕ ಪಡೆಯುವವರು ಯಾರು ಎಂದು ಕೇಳಿದಾಗ ಅದೇ ವಯಸ್ಸಿನ ಹುಡುಗಿಯರು ತಮ್ಮವರನ್ನೇ ಹೆಸರಿಸಲು ಹಿಂಜರಿಯಲಿಲ್ಲ. ಅಂಕ ಬೇರೆ, ತಲೆ ಬೇರೆ ಎಂಬ ಪಾಠವನ್ನು ಅವರು ಅಷ್ಟು ಎಳೆಯ ವಯಸ್ಸಿನಲ್ಲೇ ಕಲಿತಾಗಿತ್ತು.

ನಿಮ್ಮ ಪತ್ರದ ಕೊನೆಯ ಸಾಲಿನ ಬಗ್ಗೆಯೂ ಒಂದು ಮಾತು. ಒಂದನೇ ಮತ್ತು ಎರಡನೇ ತರಗತಿಯ ಶಿಕ್ಷಕಿಯರನ್ನು ಕುರಿತು ಅಮೆರಿಕದಲ್ಲೇ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಿಕ್ಷಕಿಗೆ ಗಣಿತದ ಭಯ ಹೆಚ್ಚಿದ್ದಷ್ಟೂ ವರ್ಷದ ಕೊನೆಗೆ ‘ಗಣಿತ ಹುಡುಗರದು’ ಎಂದು ನಂಬುವ ಹುಡುಗಿಯರು ಹೆಚ್ಚಾಗಿದ್ದರು, ಹಾಗೆ ನಂಬಿದವರ ಕಲಿಕೆಯೂ ಹಿಂದೆ ಬಿದ್ದಿತ್ತು. ಹುಡುಗರಲ್ಲಿ ಈ ಪರಿಣಾಮ ಕಾಣಲಿಲ್ಲ. ಅದು ಶಿಕ್ಷಕಿಯರ ಕುರಿತದ್ದೇ ಆದರೂ ತಾಯಿಯ ಮಾತು ಅದಕ್ಕಿಂತ ಹಗುರವಾಗಿರುತ್ತದೆಂದು ನಾನು ಭಾವಿಸಲಾರೆ. ‘ನನಗೂ ಭಯವಿತ್ತು’ ಎಂದು ನೀವು ಹೇಳುವುದು ಅವಳ ಬೇಸರವನ್ನು ಹಂಚಿಕೊಳ್ಳಲು ಇರಬಹುದು. ಮಗಳಿಗೆ ಅದು ಮನೆತನದಿಂದ ಬಂದ ಸ್ವಭಾವದಂತೆ ಕೇಳಿಸುತ್ತದೆ. ಅದರ ಬದಲು ನಿಮ್ಮನ್ನು ಹೆದರಿಸಿದವರು ಯಾರು, ಯಾವ ಮಾತಿನಿಂದ ಹೆದರಿಸಿದರು ಎಂಬ ಕಥೆಯನ್ನು ಅವಳಿಗೆ ಹೇಳಿ.

ಭೌತವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ, ಬೆಂಗಳೂರು

ಪಿಯುಸಿಯ ಪ್ರಯೋಗಾಲಯದಲ್ಲಿ ನಮ್ಮದು ನಾಲ್ವರ ತಂಡ. ಸ್ಕ್ರೂಗೇಜು, ಗ್ಯಾಲ್ವನೋಮೀಟರು ಹುಡುಗರ ಕೈಯಲ್ಲಿ, ರೆಕಾರ್ಡ್ ಪುಸ್ತಕ ನಮ್ಮ ಕೈಯಲ್ಲಿ. ಅಕ್ಷರ ಚೆನ್ನಾಗಿದೆ ಎಂಬ ಹೊಗಳಿಕೆಯೂ ಸಿಗುತ್ತಿತ್ತು. ಎಂಎಸ್ಸಿಯಲ್ಲಿ ಒಬ್ಬಳೇ ಉಪಕರಣದ ಮುಂದೆ ನಿಂತಾಗಲೇ, ಎರಡು ವರ್ಷ ನಾನು ಪ್ರಯೋಗ ಮಾಡಿರಲಿಲ್ಲ, ಬೇರೆಯವರ ಪ್ರಯೋಗವನ್ನು ಬರೆದುಕೊಂಡಿದ್ದೆ ಎಂಬುದು ಅರ್ಥವಾದದ್ದು. ನಿಮ್ಮ ಮಗಳಿಗೆ ಈಗಲೇ ಹೇಳಿ: ರೀಡಿಂಗ್ ತೆಗೆಯುವುದನ್ನೂ ಬರೆಯುವುದನ್ನೂ ಸರದಿಯ ಮೇಲೆ ಮಾಡೋಣ ಎಂದು ಮೊದಲ ದಿನವೇ ಕೇಳಬೇಕು. ತಡವಾದಷ್ಟೂ ಕೇಳುವುದು ಕಷ್ಟ.

ಅವಳಿಗೆ ಇಬ್ಬರ ಬದುಕನ್ನೂ ಪರಿಚಯಿಸಿ. 1933ರಲ್ಲಿ ಬೊಂಬಾಯಿಯಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಲು ಬಂದ ಕಮಲಾ ಭಾಗವತ್ ಅವರನ್ನು ಆಗಿನ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಪಟ್ಟು ಹಿಡಿದಾಗ ಒಂದು ವರ್ಷದ ಪರೀಕ್ಷಾವಧಿಯ ಮೇಲೆ, ಅವರಿಂದ ಪುರುಷ ಸಂಶೋಧಕರ ಗಮನ ಕೆಡಬಾರದೆಂಬ ಷರತ್ತಿನೊಂದಿಗೆ ಸೇರಿಸಿಕೊಂಡರು. ಅಲ್ಲಿ ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್‌ಗಳ ಮೇಲೆ ದುಡಿದು, ಮುಂದೆ ಕೇಂಬ್ರಿಜ್‌ನಿಂದ 1939ರಲ್ಲಿ ಪಿಎಚ್‌ಡಿ ಪಡೆದ ಅವರೇ ಕಮಲಾ ಸೊಹೊನಿ. ನೊಬೆಲ್ ಪಡೆದ ಮೇಧಾವಿಯೇ ಇಂಥ ತೀರ್ಮಾನದಲ್ಲಿ ತಪ್ಪಿದ್ದರೆಂದ ಮೇಲೆ, ಒಬ್ಬ ಶಿಕ್ಷಕರ ಮಾತನ್ನು ಅಂತಿಮವೆಂದು ಒಪ್ಪಬೇಕಾಗಿಲ್ಲ. ಇನ್ನೊಬ್ಬರು ನಮ್ಮ ರಾಜ್ಯದ ಮೊದಲ ಮಹಿಳಾ ಎಂಜಿನಿಯರ್ ಎನಿಸಿದ ರಾಜೇಶ್ವರಿ ಚಟರ್ಜಿ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಮಿಷಿಗನ್‌ನಲ್ಲಿ ಪಿಎಚ್‌ಡಿ ಮುಗಿಸಿ 1953ರಲ್ಲಿ ವಿಜ್ಞಾನ ಸಂಸ್ಥೆಗೆ ಅಧ್ಯಾಪಕಿಯಾಗಿ ಬಂದ ಅವರು ಮೈಕ್ರೋವೇವ್ ಮತ್ತು ಆಂಟೆನಾಗಳ ಸಂಶೋಧನೆಯಲ್ಲಿ ಹೆಸರಾದರು. ಗಣಿತದ ಹುಡುಗಿ ಉಪಕರಣಗಳ ಜಗತ್ತಿಗೆ ನಡೆದುಹೋದ ಈ ದಾರಿ ನನಗೆ ಬಹಳ ಪ್ರಿಯವಾದುದು.

ಇಬ್ಬರು ಮಕ್ಕಳ ತಂದೆ, ರಾಯಚೂರು ಜಿಲ್ಲೆ

ಮೊದಲನೆಯದಾಗಿ, ಮಗಳು ವಾಣಿಜ್ಯವನ್ನು ನಿಜವಾಗಿ ಇಷ್ಟಪಟ್ಟರೆ ತಡೆಯಬೇಡಿ. ಯಾರಿಗೋ ಉತ್ತರ ಕೊಡಲು ಮಗು ವಿಜ್ಞಾನ ಓದಬೇಕಾಗಿಲ್ಲ. ಆದರೆ ಪಿಯುಸಿಯಲ್ಲಿ ಗಣಿತ ಬಿಟ್ಟರೆ ಸಿಇಟಿ ಮೂಲಕ ಎಂಜಿನಿಯರಿಂಗ್ ಸೇರುವ ದಾರಿ ಮುಚ್ಚುತ್ತದೆ ಎಂಬುದನ್ನು ತಿಳಿದು ಅವಳು ತೀರ್ಮಾನಿಸಲಿ. ಇನ್ನೊಂದು, ಮನೆಯ ಲೆಕ್ಕವನ್ನೂ ನೋಡಿಕೊಳ್ಳಿ. ನನ್ನ ಮಗನಿಗೆ ತಾಲ್ಲೂಕು ಕೇಂದ್ರದಲ್ಲಿ ಗಣಿತದ ಟ್ಯೂಷನ್ ಹಾಕಿಸಿದ್ದೆವು, ಮಗಳಿಗೆ ಹಾಕಿಸಿರಲಿಲ್ಲ. ‘ಅವಳು ತಾನೇ ಓದಿಕೊಳ್ಳುತ್ತಾಳೆ’ ಎಂದು ನಾನು ನಾಲ್ಕು ಜನರ ಮುಂದೆ ಹೆಮ್ಮೆಯಿಂದಲೇ ಹೇಳುತ್ತಿದ್ದೆ. ‘ಚೆನ್ನಾಗಿ ಓದುವುದಕ್ಕೇ ನನಗೆ ಟ್ಯೂಷನ್ ಇಲ್ಲವೇ ಅಪ್ಪ?’ ಎಂದು ಅವಳು ಕೇಳಿದ ದಿನ ನನ್ನ ಬಳಿ ಉತ್ತರವಿರಲಿಲ್ಲ. ಈಗ ಇಬ್ಬರೂ ಒಂದೇ ಸರ್ಕಾರಿ ಬಸ್ಸಿನಲ್ಲಿ ಹೋಗಿಬರುತ್ತಾರೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾಗಿರುವುದರಿಂದ ಅವಳ ಟಿಕೆಟ್ಟಿಗೆ ಹಣ ಬೇಕಿಲ್ಲ. ಟ್ಯೂಷನ್ ಶುಲ್ಕವನ್ನು ಪ್ರತಿ ತಿಂಗಳೂ ಮೊದಲು ಅವಳದನ್ನೇ ಕಟ್ಟುತ್ತೇನೆ.