ಸಹಾಯ ಬೇಕು: ಗ್ರಾಮಸಭೆಯ ಕನ್ನಡ ನಿರ್ಣಯ ಯಾರಿಗೆ ಕಳಿಸುವುದು?

ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಪಂಚಾಯತಿನ ವಾರ್ಡ್ ಮೆಂಬರ್, ಮೊದಲ ಸಲ ಗೆದ್ದವಳು. ನಮ್ಮಲ್ಲಿ ಮನೆಮಾತು ತುಳು, ಓದುಬರಹ ಕನ್ನಡ. ಯೋಜನೆಗಳ ಅರ್ಜಿ ಮಾತ್ರ ಮಲಯಾಳದಲ್ಲೇ ಬರುವುದು. ಮೊನ್ನೆ ಕುಟುಂಬಶ್ರೀಯ (ಕೇರಳದ ಮಹಿಳಾ ಸ್ವಸಹಾಯ ಸಂಘ) ಹಿರಿಯಕ್ಕ ಒಬ್ಬರು ಆಡಿನ ಗೂಡಿನ ಫಾರ್ಮ್ ಹಿಡಿದು, "ಸೈನ್ ಎಲ್ಲಿಗೆಂದು ಬೆರಳಿಟ್ಟು ತೋರಿಸು ಮಗಾ" ಅಂದರು. ಅದರಲ್ಲಿ ಎಂತ ಬರೆದದ್ದು ಅಂತ ಕೇಳಲೇ ಇಲ್ಲ.

ಫಾರ್ಮ್ ಕನ್ನಡದಲ್ಲೂ ಬೇಕೆಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿದೆವು. ಸೆಕ್ರೆಟರಿ, "ಅದು ತಿರುವನಂತಪುರದಿಂದ ಬರುವುದಲ್ಲವಾ" ಎಂದರು. ಸರಿಯೇ, ಅವರನ್ನು ದೂರಿ ಪ್ರಯೋಜನವಿಲ್ಲ. ಮೇಲಿನ ಕಚೇರಿಯೊಂದಕ್ಕೆ ಹೋದರೆ ನಿರ್ಣಯದ ಮಲಯಾಳ ಪ್ರತಿ ತನ್ನಿ ಅಂತಾರೆ! ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದೆಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಉಂಟು, ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದೆನ್ನುವ ಸಂವಿಧಾನದ 350ನೇ ವಿಧಿಯೂ ಉಂಟು. ಹೇಳಿದರೆ ನಗುತ್ತಾರೆ ಮಾರಾಯ್ರೆ.

ವರ್ಕಾಡಿ, ಮೀಂಜ, ಪೈವಳಿಕೆ ಪಂಚಾಯತುಗಳ ಮೆಂಬರುಗಳನ್ನೂ ಸೇರಿಸಿ ಒಟ್ಟಿಗೆ ಮನವಿ ಕೊಡುವ ಯೋಚನೆ ಉಂಟು. ಗೊಂದಲ ಇಷ್ಟೇ: ಗ್ರಾಮಸಭೆಯ ನಿರ್ಣಯ ಸಾಕಾ, ಪ್ರತಿ ಪಂಚಾಯತ್ ಕಮಿಟಿಯಲ್ಲೂ ಪಾಸಾಗಬೇಕಾ? ಮನವಿಯನ್ನು ನೇರ ಸ್ಥಳೀಯಾಡಳಿತ ಇಲಾಖೆಗೆ ಬರೆಯುವುದಾ, ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗಾ? ಹೀಗೆ ಕಳಿಸಿ ಉತ್ತರ ಪಡೆದವರು ಯಾರಾದರೂ ಇದ್ದರೆ ತಿಳಿಸಿ.